ಐವತ್ತರಲ್ಲೇ ನಿಂತ ಮುಳ್ಳು

ಜನವರಿ 12

ತಮ್ಮಾ,

ಈ ಪೆಟ್ಟಿಗೆಯಲ್ಲಿ ಹದಿನೇಳನೇ ಸಲದ ಪುಡಿ ಇದೆ. ಡಬ್ಬ ತೆರೆಯುವ ಮುಂಚೆ ಮಾಸ್ಕ್ ಹಾಕಿಕೋ, ನಿನ್ನ ಮಾಮೂಲಿ ಶೂರತನ ಬೇಡ. ಹೇಗೂ ಹದಿನೈದು ದಿನಕ್ಕೊಮ್ಮೆ ನನ್ನ ಪ್ರಯೋಗಾಲಯಕ್ಕೂ ನಿನ್ನ ಕಾರ್ಖಾನೆಗೂ ನಡುವೆ ಪೆಟ್ಟಿಗೆ ಓಡಾಡುತ್ತದೆ. ಅದರೊಳಗೆ ಒಂದು ಕಾಗದವೂ ಇರಲಿ ಎಂದು ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ನೀನು "ಹೂಂ, ಹೂಂ" ಅಂದು ಮರೆತುಬಿಡುತ್ತೀಯ. ಕಾಗದವಾದರೆ ಪರೀಕ್ಷೆ ಕೋಣೆಯ ಗೋಡೆಗೆ ಅಂಟಿಸಿಕೊಳ್ಳಬಹುದು.

"ಏಳು ವರ್ಷದಿಂದ ಅದೇನು ಅರೀತಾ ಇದೀಯ ಅಕ್ಕ?" ಎಂದು ಕೇಳಿದ್ದೆಯಲ್ಲ, ಈಗ ಕೇಳಿಸಿಕೋ. ಬ್ಯಾಟರಿ ಚಾರ್ಜ್ ಆಗುವಾಗ ಲಿಥಿಯಂ ಬಂದು ಕೂರುವ ಜಾಗಕ್ಕೆ ಆನೋಡ್ ಎನ್ನುತ್ತೇವೆ. ಎಲ್ಲರೂ ಅದನ್ನು ಗ್ರಾಫೈಟಿನಿಂದ ಮಾಡುತ್ತಾರೆ. ಸಿಲಿಕಾನ್ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಲಿಥಿಯಂ ಹಿಡಿಯುತ್ತದೆ. ಆದರೆ ಹಿಡಿದಾಗ ಮೂರು ಪಟ್ಟು ಉಬ್ಬುತ್ತದೆ, ಬಿಟ್ಟಾಗ ಕುಗ್ಗುತ್ತದೆ. ಮುಚ್ಚಳ ಬಿಗಿದ ಡಬ್ಬದಲ್ಲಿ ಕಡಲೆ ನೆನೆಹಾಕಿದ ಹಾಗೆ. ಹತ್ತಾರು ಸಲ ಉಬ್ಬಿ ಕುಗ್ಗುವಷ್ಟರಲ್ಲಿ ಎಲ್ಲ ಪುಡಿಪುಡಿ. ನಾನು ಮಾಡಿರುವುದು ಇಷ್ಟೇ: ಸಿಲಿಕಾನಿನ ಕಣಗಳನ್ನು ತೂತುತೂತಾದ ಇಂಗಾಲದ ಗೂಡಿನೊಳಗೆ ಕೂರಿಸಿ, ಆ ಗೂಡುಗಳನ್ನು ಗ್ರಾಫೈಟಿನ ಜೊತೆ ಬೆರೆಸಿದ್ದೇನೆ. ಉಬ್ಬಿದರೂ ಗೂಡಿನೊಳಗೇ ಉಬ್ಬಲಿ ಎಂದು.

ಇದರಲ್ಲಿ ಹನ್ನೆರಡು ಸೆಲ್ ಮಾಡು. ಒಂದೊಂದನ್ನೂ ಎರಡು ಉಕ್ಕಿನ ಹಲಗೆಗಳ ನಡುವೆ ಇಟ್ಟು, ನಾಲ್ಕು ಮೂಲೆಯ ನಟ್ಟು ಬಿಗಿದು, ಒತ್ತಡದ ಮುಳ್ಳು ಐವತ್ತಕ್ಕೆ ಬಂದ ಮೇಲೆ ಪರೀಕ್ಷೆ ಶುರು ಮಾಡು. ಆಮೇಲೆ ದಿನಾ ಬೆಳಿಗ್ಗೆ ಮುಳ್ಳು ಎಷ್ಟಿದೆ ಎಂದು ಪುಸ್ತಕದಲ್ಲಿ ಬರೆ. ನನಗೆ ಬೇಕಾದದ್ದು ಆ ಅಂಕಿ ಒಂದೇ.

ಆಕ್ಸಿಜನ್ ಯಂತ್ರ ಮಾಡುವ ಕಂಪನಿಯವರು ಇದಕ್ಕಾಗಿ ಕಾಯುತ್ತಿದ್ದಾರೆ. ಅಪ್ಪನ ಹೆಗಲ ಮೇಲಿರುವಂಥದ್ದೇ ಯಂತ್ರ. ಇದು ಗೆದ್ದರೆ ಅಪ್ಪ ಮನೆಯಿಂದ ಹೊರಗೆ ಬರಬಹುದು ಕಣೋ. ಅವರ ಉಸಿರು ಹೇಗಿದೆ, ಸುಳ್ಳು ಹೇಳದೆ ಬರೆ.

ಅಕ್ಕ

*

ಜನವರಿ 28

ಅಕ್ಕಾ,

ಮಾಸ್ಕ್ ಹಾಕಿಕೊಂಡೇ ಡಬ್ಬ ತೆರೆದೆ. ಆದರೂ ಮೂಗಿನ ತುದಿ ಕಪ್ಪಾಗಿ, ಕ್ಯಾಂಟೀನಿನಲ್ಲಿ ಎಲ್ಲರೂ ನಕ್ಕರು. ಏಳು ವರ್ಷ ಓದಿದವಳು ಕಾಡಿಗೆ ಮಾಡಿ ಕಳಿಸಿದ್ದಾಳೆ ಎಂದು ನಾನೂ ನಕ್ಕೆ.

ಹನ್ನೆರಡು ಸೆಲ್ಲೂ ಹಲಗೆಯ ನಡುವೆ ಮಲಗಿವೆ. ನನ್ನ ಕೋಣೆ ಗೊತ್ತಲ್ಲ, ಕಿಟಕಿಯಿಲ್ಲ, ಬಿಳಿ ದೀಪ, ಫ್ಯಾನಿನ ಗುಂಯ್ ಸದ್ದು. ಬೆಳಿಗ್ಗೆ ಎಂಟಕ್ಕೆ ಬರುತ್ತೇನೆ. ಅಪ್ಪ ಮೂವತ್ತು ವರ್ಷ ಬಾಯ್ಲರ್ ಕಾದ ಹಾಗೇ ನಾನೂ ಕಾಯುತ್ತೇನೆ. ಮೊದಲು ಮುಳ್ಳು, ಆಮೇಲೆ ಚಹಾ, ಆಮೇಲೆ ಪುಸ್ತಕ. ನಿನ್ನ ಅಂಕಿಗಳು ಅಚ್ಚುಕಟ್ಟಾಗಿ ಬರುತ್ತವೆ, ತಲೆ ಕೆಡಿಸಿಕೊಳ್ಳಬೇಡ.

ಅಪ್ಪನ ವಿಷಯ ಸುಳ್ಳಿಲ್ಲದೆ ಬರೆ ಅಂದೆ. ಯಂತ್ರದ ಬ್ಯಾಟರಿ ಈಗ ಐವತ್ತು ನಿಮಿಷಕ್ಕೆ ಸುಸ್ತಾಗುತ್ತದೆ. ಗ್ರಂಥಾಲಯಕ್ಕೆ ನಡೆದು ಹೋಗಲು ಇಪ್ಪತ್ತೈದು, ಬರಲು ಇಪ್ಪತ್ತೈದು. ಮೊನ್ನೆ ಅರ್ಧ ದಾರಿಗೆ ಹೋಗಿ, ಗಡಿಯಾರ ನೋಡಿಕೊಂಡು ವಾಪಸ್ಸು ಬಂದರು. ಮೂಗಿನ ಕೊಳವೆ ಸರಿಮಾಡಿಕೊಳ್ಳುತ್ತಾ, "ನಾನೇನು ಗೋಡೆ ಗಡಿಯಾರಾನಾ, ಯಾವಾಗ್ಲೂ ಗೋಡೆಗೇ ಅಂಟ್ಕೊಂಡಿರೋಕೆ?" ಎಂದು ನನ್ನ ಮೇಲೆ ರೇಗಿದರು. ಆಮೇಲೆ ಎರಡು ದಿನ ಮಾತಿಲ್ಲ. ಅವರು ರೇಗಿದರೆ ನನಗೆ ಬೇಜಾರಿಲ್ಲ ಅಕ್ಕ, ಸುಮ್ಮನಾದರೆ ನೋಡಲಾಗುವುದಿಲ್ಲ. ಬೇಗ ಏನಾದರೂ ಮಾಡು.

ನಿನ್ನ ತಮ್ಮ

*

ಮಾರ್ಚ್ 15

ತಮ್ಮಾ,

ಪುಸ್ತಕದ ಪ್ರತಿ ತಲುಪಿತು. ನೋಡಿ ಕಣ್ಣಲ್ಲಿ ನೀರು ಬಂತು ಕಣೋ. ಐವತ್ತು, ಐವತ್ತು, ಐವತ್ತು. ಒಂದು ದಿನವೂ ಆಚೆ ಈಚೆ ಇಲ್ಲ. ನಮ್ಮ ನಿರ್ದೇಶಕರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. "ಅಲ್ಲಮ್ಮ, ಉಬ್ಬೋದೇ ಇಲ್ವಾ ಇದು?" ಎಂದರು. ಆರು ವರ್ಷ ನನ್ನನ್ನು ಕಂಡರೆ ಬೇರೆ ದಿಕ್ಕಿಗೆ ತಿರುಗುತ್ತಿದ್ದ ಮನುಷ್ಯ ಅವತ್ತು ತಾವೇ ಚಹಾ ತರಿಸಿಕೊಟ್ಟರು.

ಸೆಲ್ ಉಬ್ಬುವುದಿಲ್ಲ ಎಂದಾದ ಮೇಲೆ ಬ್ಯಾಟರಿಯ ಡಬ್ಬದೊಳಗೆ ಖಾಲಿ ಜಾಗ ಬಿಡಬೇಕಿಲ್ಲ. ಯಂತ್ರದ ಕಂಪನಿಯವರು ಒತ್ತಾಗಿ, ತೆಳ್ಳಗೆ, ಹಗುರವಾಗಿ ಡಬ್ಬ ಮಾಡಿದ್ದಾರೆ. ಮೂವತ್ತು ಬ್ಯಾಟರಿಗಳನ್ನು ನಿಮ್ಮ ಕಾರ್ಖಾನೆಯಲ್ಲೇ ಜೋಡಿಸಿ, ನಿಮ್ಮ ಊರಿನಲ್ಲೇ ಮೂವತ್ತು ರೋಗಿಗಳಿಗೆ ಪ್ರಯೋಗಕ್ಕೆ ಕೊಡುತ್ತಾರೆ. ಪಟ್ಟಿ ನಿಮ್ಮಲ್ಲೇ ತಯಾರಾಗುತ್ತದೆ.

ನೀನು ಪರೀಕ್ಷೆಯಿಂದ ಇಳಿಸಿ ಕಳಿಸಿದ ಮೂರು ಸೆಲ್ಲುಗಳೂ ತಲುಪಿವೆ.

ಒಂದು ಮಾತು. ಆ ಪಟ್ಟಿಯಲ್ಲಿ ಅಪ್ಪನ ಹೆಸರು ಬೇಡ. ಅವರಿಗೆ ಮುಂದಿನ ಸಲದ್ದು ಕೊಡೋಣ. ಯಾಕೆ ಏನು ಎಂದು ಕೇಳಬೇಡ. ನಾನು ಹೇಳುತ್ತಿದ್ದೇನೆ, ಅಷ್ಟು ಸಾಕು.

ಅಕ್ಕ

*

ಮಾರ್ಚ್ 29

ಅಕ್ಕಾ,

ಒಂದು ವಾರ ಹಲ್ಲು ಕಚ್ಚಿಕೊಂಡಿದ್ದೆ. ಇನ್ನು ಆಗುವುದಿಲ್ಲ, ಬರೆಯುತ್ತೇನೆ.

ಯಾಕೆ ಎಂದು ಕೇಳಬೇಡವಂತೆ! ನಾನೇನು ಚಡ್ಡಿ ಹಾಕಿಕೊಂಡು ಓಡಾಡುವವನೇ? ನಿನ್ನ ಕಾರಣ ನನಗೆ ಗೊತ್ತು. ಮಗಳು ಮಾಡಿದ್ದು ಅಪ್ಪನಿಗೇ ಮೊದಲು ಸಿಕ್ಕಿತು ಎಂದು ಯಾರಾದರೂ ಆಡಿಕೊಂಡರೆ ನಿನ್ನ ಹೆಸರು ಕೆಡುತ್ತದೆ. ಅದಕ್ಕಾಗಿ ಅಪ್ಪ ಇನ್ನೊಂದು ವರ್ಷ ಗೋಡೆಗೆ ಅಂಟಿಕೊಂಡಿರಬೇಕು. ಬೇರೆಯವರ ಅಪ್ಪಂದಿರಿಗೆ ಆಗುವುದು ನಮ್ಮಪ್ಪನಿಗೆ ಯಾಕಾಗಬಾರದು?

ನಾನು ಅಪ್ಪನ ಹೆಸರು ಹಾಕಿಸಿದ್ದೇನೆ. ಹದಿನಾಲ್ಕನೆಯದು. ನಾನೇ ಜೋಡಿಸಿದ ಬ್ಯಾಟರಿ, ಅಪ್ಪನ ಹೆಗಲಿಗೆ ನಾನೇ ಹಾಕಿದೆ. ಮೂರೂವರೆ ಗಂಟೆ ಬರುತ್ತದೆ ಅಕ್ಕ, ಮೂರೂವರೆ! ಮೊದಲ ದಿನ ಗ್ರಂಥಾಲಯಕ್ಕೆ ಹೋಗಿ, ಎರಡು ಪೇಪರು ಓದಿ, ಕ್ಷೌರ ಮಾಡಿಸಿಕೊಂಡು, ಎದುರು ಬೀದಿಯ ಗಡಿಯಾರ ರಿಪೇರಿಯವನ ಜೊತೆ ಜಗಳ ಆಡಿ ಬಂದಿದ್ದಾರೆ. ಕೆನ್ನೆ ನುಣ್ಣಗೆ ಮಾಡಿಕೊಂಡು ಬಾಗಿಲಲ್ಲಿ ನಿಂತು, "ನಿಮ್ಮಕ್ಕನಿಗೆ ಹೇಳು, ನಾನಿನ್ನೂ ಬದುಕಿದ್ದೀನಿ ಅಂತ" ಎಂದರು. ಹೇಳಿದ್ದೇನೆ.

ಬೇರೆ ಕಾರಣ ಇದ್ದರೆ ನೇರವಾಗಿ ಬರೆ, ಅಡ್ಡಗೋಡೆಯ ಮೇಲೆ ದೀಪ ಇಡಬೇಡ. ಅಲ್ಲಿಯವರೆಗೆ ನನಗೆ ಫೋನ್ ಕೂಡ ಮಾಡಬೇಡ.

ನಿನ್ನ ತಮ್ಮ

*

ಮೇ 6

ತಮ್ಮಾ,

ಎರಡು ಪೆಟ್ಟಿಗೆಗಳು ಕಾಗದವಿಲ್ಲದೆ ಬಂದದ್ದನ್ನು ನೀನು ಗಮನಿಸಿರುತ್ತೀಯ. ಬರೆದು ಬರೆದು ಹರಿದೆ. ಈ ವಾರ ಐದು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಮೂಗಿನ ತುದಿಯಲ್ಲೇ ಕೋಪ ನಿನಗೆ, ಇರಲಿ.

ನನ್ನ ಪ್ರಶ್ನೆ ಒಂದೇ. ಸಾಧಾರಣ ಗ್ರಾಫೈಟ್ ಸೆಲ್ ಕೂಡ ಚಾರ್ಜ್ ಆಗುವಾಗ ಸ್ವಲ್ಪ ಉಬ್ಬುತ್ತದೆ, ಖಾಲಿಯಾದಾಗ ಇಳಿಯುತ್ತದೆ. ಮುಳ್ಳು ಒಂದೆರಡು ಅಂಕಿಯಾದರೂ ಅಲ್ಲಾಡಲೇಬೇಕು. ನಿನ್ನ ಪುಸ್ತಕದಲ್ಲಿ ಎಲ್ಲ ಸೆಲ್ಲಿಗೂ ಇಷ್ಟು ದಿನವೂ ಐವತ್ತೇ ಇದೆ. ಮಾರ್ಚಿನಲ್ಲಿ ಅದನ್ನು ನೋಡಿ ನಾನು ಕುಣಿದಾಡಿದೆ. ಈಗ ಅದೇ ಅಂಕಿಯನ್ನು ನಂಬಲಾಗುತ್ತಿಲ್ಲ. ಬೆಳಿಗ್ಗೆ ಕೋಣೆಗೆ ಕಾಲಿಟ್ಟಾಗಿನಿಂದ ಪುಸ್ತಕ ಮುಚ್ಚುವವರೆಗೆ ನೀನು ಏನೇನು ಮಾಡುತ್ತೀಯ, ಒಂದೂ ಬಿಡದೆ ಬರೆ.

ಅಪ್ಪನಿಗೆ ಹಳೇ ಬ್ಯಾಟರಿ ಹಾಕು. ಸುಮ್ಮನೆ, ಮುಂಜಾಗ್ರತೆಗೆ. ನಿನ್ನೆ ನಾನೇ ಅವರಿಗೆ ಫೋನ್ ಮಾಡಿದ್ದೆ. "ಗ್ರಂಥಾಲಯದಲ್ಲಿದ್ದೀನಿ, ಜೋರಾಗಿ ಮಾತಾಡ್ಬೇಡ, ಬಯ್ತಾರೆ" ಎಂದು ಪಿಸುಗುಟ್ಟಿದರು. ಖುಷಿಯಾಗಿದ್ದರು. ಬ್ಯಾಟರಿಯ ಮಾತು ಎತ್ತದೆ ಫೋನ್ ಇಟ್ಟೆ.

ಉತ್ತರ ಮುಂದಿನ ಪೆಟ್ಟಿಗೆಗೆ ಕಾಯದಿರಲಿ, ಕೊರಿಯರ್ ಮಾಡು.

ಅಕ್ಕ

*

ಮೇ 9

ಅಕ್ಕಾ,

ಈಗ ತಾನೇ ನಿನ್ನ ಕಾಗದ ಕೈಗೆ ಬಂತು. ಬೆಳಿಗ್ಗೆ ಹನ್ನೊಂದೂ ಮುಕ್ಕಾಲು. ಕೊರಿಯರ್‌ನವನು ಗೇಟಿನಲ್ಲಿ ಕಾಯುತ್ತಿದ್ದಾನೆ, ಅವನ ಕೈಗೇ ಉತ್ತರ ಕೊಡುತ್ತೇನೆ. ಕೆಲಸದಲ್ಲಿ ನನ್ನ ಮೇಲೆ ಅನುಮಾನವೇ? ಇಲ್ಲಿಯವರೆಗೆ ಒಬ್ಬ ಮೇಲ್ವಿಚಾರಕನೂ ನನ್ನ ಪುಸ್ತಕಕ್ಕೆ ಬೆರಳು ತೋರಿಸಿಲ್ಲ. ಕೇಳು, ಒಂದೂ ಬಿಡದೆ ಬರೆಯುತ್ತೇನೆ.

ಎಂಟಕ್ಕೆ ಬರುತ್ತೇನೆ. ಅಂಗಿಯ ಮೇಲೆ ಬಿಳಿ ಕೋಟು. ಉಳಿದ ಒಂಬತ್ತು ಸೆಲ್ಲಿನ ಮುಳ್ಳುಗಳನ್ನೂ ನೋಡುತ್ತೇನೆ. ರಾತ್ರಿಯೆಲ್ಲ ಪರೀಕ್ಷೆಯ ಯಂತ್ರ ಸೆಲ್ಲುಗಳನ್ನು ಚಾರ್ಜ್ ಮಾಡಿ ಖಾಲಿ ಮಾಡಿ ಇಟ್ಟಿರುತ್ತದಲ್ಲ, ಮುಳ್ಳುಗಳು ಎಲ್ಲೆಲ್ಲೋ ಹೋಗಿರುತ್ತವೆ. ಕೆಲವು ದಿನ ನಲವತ್ತೆಂಟು, ಹೆಚ್ಚಿನ ದಿನ ಐವತ್ತೈದು, ಅರವತ್ತು. ಹಾಗೇ ಬಿಟ್ಟು ಪುಸ್ತಕದಲ್ಲಿ ಬರೆಯಲು ನಾನೇನು ಸೋಮಾರಿಯಲ್ಲ. ಸ್ಪ್ಯಾನರ್ ತೆಗೆದುಕೊಂಡು ನಟ್ಟುಗಳನ್ನು ಅಷ್ಟಷ್ಟೇ ಬಿಗಿದೋ ಸಡಿಲಿಸಿಯೋ ಐವತ್ತಕ್ಕೆ ತರುತ್ತೇನೆ. ಆಮೇಲೆ ಚಹಾ. ಆಮೇಲೆ ಐವತ್ತು ಎಂದು ಬರೆಯುತ್ತೇನೆ. ಅಪ್ಪ ಕಲಿಸಿದ್ದೇ ಹಾಗೆ. ಬಾಯ್ಲರಿನ ಮುಳ್ಳು ಗೆರೆ ಬಿಟ್ಟಿದ್ದರೆ ಮೊದಲು ಗೆರೆಗೆ ತರಬೇಕು, ತರದೆ ಪುಸ್ತಕ ಬರೆದರೆ ಅದು ಕಳ್ಳಕೆಲಸ. ಇದರಲ್ಲಿ ತಪ್ಪೇನು

ಅಕ್ಕ, ಇಷ್ಟು ಬರೆಯುವಾಗಲೇ ಕೈ ನಿಂತುಹೋಯಿತು.

ಹೋಗಿ ಒಂದು ಸೆಲ್ ಬಿಚ್ಚಿದೆ. ಅಳತೆ ಹಿಡಿದೆ. ಹಾಕಿದಾಗ ಐದು ಮಿಲಿಮೀಟರ್ ಇತ್ತು. ಈಗ ಆರೂ ಮುಕ್ಕಾಲು. ಇನ್ನೊಂದು ಬಿಚ್ಚಿದೆ, ಆರೂವರೆ. ಅದು ಉಬ್ಬುತ್ತಾ ಬಂದಿದೆ, ನಾನು ದಿನಾ ಬೆಳಿಗ್ಗೆ ಅದಕ್ಕೆ ಜಾಗ ಬಿಡುತ್ತಾ ಬಂದಿದ್ದೇನೆ.

ಬ್ಯಾಟರಿಯ ಡಬ್ಬದೊಳಗೆ ಜಾಗವೇ ಇಲ್ಲವಲ್ಲ. ಅಲ್ಲಿ ನಟ್ಟು ಸಡಿಲಿಸುವವರು ಯಾರು?

ಅಪ್ಪನಿಗೆ ಫೋನ್ ಮಾಡಿದೆ, ಎತ್ತುತ್ತಿಲ್ಲ. ಈ ಹೊತ್ತಿಗೆ ಗ್ರಂಥಾಲಯದಲ್ಲಿರುತ್ತಾರೆ. ಮತ್ತೆ ಮಾಡಿದೆ, ಎತ್ತಲಿಲ್ಲ. ನಾನು ಓಡುತ್ತಿದ್ದೇನೆ

*

ಮೇ 18

ತಮ್ಮಾ,

ನಿನ್ನ ಅರ್ಧ ಕಾಗದ ನನಗೆ ಬಂದದ್ದು ಹನ್ನೊಂದನೇ ತಾರೀಖು. ಅಷ್ಟರಲ್ಲಿ ಎಲ್ಲ ಆಗಿಹೋಗಿತ್ತು. ಆದರೂ "ನಾನು ಓಡುತ್ತಿದ್ದೇನೆ" ಎಂಬಲ್ಲಿಗೆ ಬಂದಾಗ ಮುಂದೆ ಇನ್ನೂ ಇದೆಯೇನೋ ಎಂದು ಹಾಳೆ ತಿರುವಿ ನೋಡಿದೆ. ಒಂಬತ್ತರ ಮಧ್ಯಾಹ್ನ ನೀನು ಫೋನಿನಲ್ಲಿ ಏದುಸಿರು ಬಿಡುತ್ತಾ, "ಸಿಕ್ಕಿದ್ರು ಅಕ್ಕ, ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತಿದ್ರು, ಡಬ್ಬದ ಮುಚ್ಚಳ ಎದ್ದುಬಿಟ್ಟಿತ್ತು, ಕಿತ್ತು ಹಳೇ ಬ್ಯಾಟರಿ ಹಾಕ್ದೆ" ಎಂದಾಗ ನಾನು ನೆಲದ ಮೇಲೆ ಕುಳಿತೆ. ಹಿಂದಿನಿಂದ ಅಪ್ಪ "ನನ್ನ ಪೇಪರ್ ಎಲ್ಲೋ?" ಎಂದು ಬೈಯುತ್ತಿದ್ದರು. ಆ ಬೈಗುಳ ಕೇಳಿ ಅತ್ತುಬಿಟ್ಟೆ.

ನೀನು ಮನೆಮನೆಗೆ ಹೋಗಿ, ಸಂಜೆಯೊಳಗೆ ಇಪ್ಪತ್ತೊಂಬತ್ತು ಬ್ಯಾಟರಿಗಳನ್ನು ವಾಪಸ್ಸು ತಂದೆ ಎಂದು ನಿಮ್ಮ ಮೇಲ್ವಿಚಾರಕರು ಹೇಳಿದರು. ಮೂವತ್ತನೆಯವರು ಒಬ್ಬ ಹೊಲಿಗೆ ಟೀಚರ್. ಅವತ್ತು ಬೆಳಿಗ್ಗೆ ಹನ್ನೊಂದಕ್ಕೆ ಅವರ ಡಬ್ಬ ಬಿರಿದು, ಒಳಗಿನ ತಂತಿ ಪಟ್ಟಿ ತುಂಡಾಗಿ, ಯಂತ್ರ ನಿಂತಿದೆ. ಮಹಡಿ ಮೆಟ್ಟಿಲ ಮೇಲಿದ್ದರಂತೆ. ಉಸಿರು ಕಟ್ಟಿ ಬಿದ್ದು ಸೊಂಟದ ಮೂಳೆ ಮುರಿದಿದೆ. ಎರಡು ದಿನ ಕೃತಕ ಉಸಿರಾಟ. ಈಗ ಕಣ್ಣು ಬಿಟ್ಟಿದ್ದಾರೆ, ಮಾತಾಡುತ್ತಾರೆ ಎಂದು ಗೊತ್ತಾಯಿತು. ನಾನು ಆರನೇ ತಾರೀಖು ನಿನಗೆ ಕಾಗದ ಬರೆಯುತ್ತಾ ಕೂರುವ ಬದಲು ನೇರವಾಗಿ ಕಂಪನಿಗೆ ಫೋನ್ ಮಾಡಿದ್ದರೆ ಆ ಹೆಂಗಸು ಬೀಳುತ್ತಿರಲಿಲ್ಲ.

ಯಾಕೆ ಮಾಡಲಿಲ್ಲ? ಅದನ್ನೇ ಹೇಳಲು ಈ ಕಾಗದ. ಎರಡು ತಿಂಗಳಿನಿಂದ ಮುಚ್ಚಿಟ್ಟಿದ್ದೇನೆ.

ಮಾರ್ಚಿನಲ್ಲಿ ನೀನು ಕಳಿಸಿದ ಮೂರು ಸೆಲ್ಲುಗಳಲ್ಲಿ ಒಂದು ಉಬ್ಬಿತ್ತು. ಕಣ್ಣಿಗೆ ಕಾಣುವಷ್ಟು. ದಾರಿಯಲ್ಲಿ ಗಾಳಿ ಸೇರಿರಬೇಕು, ಅಂಚು ಸರಿಯಾಗಿ ಅಂಟಿಲ್ಲ ಎಂದು ಬರೆದು ಪಕ್ಕಕ್ಕಿಟ್ಟೆ. ಉಳಿದೆರಡನ್ನು ಅಳೆಯಲಿಲ್ಲ. ಅಳತೆಯ ಸಾಧನ ಅಲ್ಲೇ ಮೇಜಿನ ಮೇಲಿತ್ತು, ಒಂದು ನಿಮಿಷದ ಕೆಲಸ. ಅಳೆದರೆ ಗೊತ್ತಾಗುತ್ತಿತ್ತು, ಅದಕ್ಕೇ ಅಳೆಯಲಿಲ್ಲ. ಪುಸ್ತಕದಲ್ಲಿ ಐವತ್ತು ಇದೆಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅದೇ ವಾರ ನಿರ್ದೇಶಕರು ಚಹಾ ತರಿಸಿಕೊಟ್ಟಿದ್ದು. ಅದೇ ವಾರ ನಿನಗೆ ಬರೆದದ್ದು, ಅಪ್ಪನ ಹೆಸರು ಬೇಡ ಎಂದು.

ಜನ ಆಡಿಕೊಳ್ಳುತ್ತಾರೆಂಬ ಭಯ ಎಂದು ನೀನು ತಿಳಿದುಕೊಂಡೆ. ಆ ಕಾಗದ ಓದಿ ನನಗೆ ಸಮಾಧಾನವೇ ಆಯಿತು ಕಣೋ. ನಿಜವಾದ ಕಾರಣ ಹೇಳುವುದು ತಪ್ಪಿತಲ್ಲ ಎಂದು.

ನಿನ್ನದು ತಿಳಿಯದೆ ಆದ ತಪ್ಪು. ಮುಳ್ಳಿನ ಅಂಕಿ ಯಾಕೆ ಬರೆಯಬೇಕು ಎಂದು ನಾನು ಒಂದು ಸಾಲು ಹೇಳಿದ್ದರೆ ಅದೂ ಆಗುತ್ತಿರಲಿಲ್ಲ. ಆದರೆ ಇಲ್ಲಿ ತಯಾರಾಗಿರುವ ವರದಿಯಲ್ಲಿ ನಿನ್ನ ಸ್ಪ್ಯಾನರಿನ ವಿಷಯ ಇದೆ, ನನ್ನ ಮೂರು ಸೆಲ್ಲಿನ ವಿಷಯ ಇನ್ನೂ ಇಲ್ಲ. ವರದಿಗೆ ಸಹಿ ಹಾಕಲು ಮುಂದಿನ ತಿಂಗಳು ಒಂದರವರೆಗೆ ಸಮಯವಿದೆ. ದಿನಾ ಬೆಳಿಗ್ಗೆ ಪೆನ್ನು ಹಿಡಿಯುತ್ತೇನೆ, ಕೆಳಗಿಡುತ್ತೇನೆ. ಏಳು ವರ್ಷದ ಕೆಲಸ ತಮ್ಮಾ. ಗೂಡು ಇನ್ನೊಂದಿಷ್ಟು ಗಟ್ಟಿಯಾದರೆ ಇದು ನಿಜವಾಗಿಯೂ ಗೆಲ್ಲುತ್ತದೆ. ಆ ಸಾಲು ಬರೆದರೆ ಮತ್ತೆ ನನ್ನನ್ನು ಆ ಬಾಗಿಲೊಳಗೆ ಬಿಡುವುದಿಲ್ಲ.

ಆ ಟೀಚರಿಗೆ ಒಂದು ಕಾಗದ ಬರೆದಿಟ್ಟಿದ್ದೇನೆ. ಕಳಿಸಲು ಧೈರ್ಯ ಬರಲಿಲ್ಲ. ಇದನ್ನು ಅಪ್ಪನಿಗೆ ಓದಿ ಹೇಳು. ಅವರು ಏನೆನ್ನುತ್ತಾರೋ ಹಾಗೆ ಮಾಡುತ್ತೇನೆ.

ಅಕ್ಕ

*

ಮೇ 25

ಅಕ್ಕಾ,

ನಿನ್ನ ಕಾಗದವನ್ನು ಅಪ್ಪನಿಗೆ ಓದಿ ಹೇಳಿದೆ. ಎರಡು ಸಲ ಓದಿಸಿದರು. ಬೈಯುತ್ತಾರೆ ಎಂದು ಕಾದೆ, ಬೈಯಲಿಲ್ಲ. ನಿನ್ನನ್ನು ಹೊಗಳಲೂ ಇಲ್ಲ. "ನನ್ನನ್ನ ಉಳಿಸೋಕೆ ನೋಡಿದ್ಲು ಅಂತ ಸಂತೋಷ ಪಡಲಾ?" ಎಂದರು, ಅಷ್ಟೇ. ಮಾರನೇ ದಿನ ಕ್ಷೌರ ಮಾಡಿಸಿಕೊಂಡು ಬಂದು, "ಆಸ್ಪತ್ರೆಗೆ ನಡಿ" ಎಂದರು.

ಹಳೇ ಬ್ಯಾಟರಿ ಐವತ್ತು ನಿಮಿಷದ್ದು. ಬಸ್ಸಿನಲ್ಲಿ ಹೋಗುವಷ್ಟರಲ್ಲಿ ಅರ್ಧ ಮುಗಿದಿತ್ತು. ವಾರ್ಡಿನಲ್ಲಿ ನರ್ಸಮ್ಮನನ್ನು ಕೇಳಿ, ಟೀಚರ ಮಂಚದ ಪಕ್ಕದ ಗೋಡೆಗೇ ಯಂತ್ರದ ತಂತಿ ಚುಚ್ಚಿ ಕೂರಿಸಿದೆ. ಇಬ್ಬರ ಮೂಗಿನಲ್ಲೂ ಕೊಳವೆ, ಎದುರುಬದುರು. ತೆಳ್ಳನೆಯ ಹೆಂಗಸು, ನಮ್ಮಪ್ಪನಿಗಿಂತ ನಾಲ್ಕೈದು ವರ್ಷ ಚಿಕ್ಕವರು. ಸೊಂಟದಿಂದ ಕೆಳಗೆ ಪಟ್ಟಿ ಬಿಗಿದಿದ್ದಾರೆ. ಕೂತು ಹೊಲಿಯುವುದು ಇನ್ನು ಒಂದು ವರ್ಷ ಇಲ್ಲವಂತೆ, ಆಮೇಲೂ ಅನುಮಾನವಂತೆ.

ನಾನೇ ಮೊದಲು ಬಾಯಿಬಿಟ್ಟೆ. ಮುಳ್ಳನ್ನು ದಿನಾ ಐವತ್ತಕ್ಕೆ ತರುತ್ತಿದ್ದವನು ನಾನೇ ಎಂದೆ. ಎಲ್ಲ ಬಿಡಿಸಿ ಹೇಳಿದೆ. ಅವರು ಕೇಳಿಸಿಕೊಂಡು, "ಬೇಕೂಂತ ಮಾಡ್ಲಿಲ್ವಲ್ಲಪ್ಪ, ಕೂತ್ಕೋ, ಕಾಲು ನಡುಗ್ತಾ ಇದೆ ನಿಂದು" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಅಪ್ಪ, "ಆ ಪುಡಿ ಮಾಡಿದ್ದು ನನ್ನ ಮಗಳು" ಎಂದರು.

ಟೀಚರ್ ಅಪ್ಪನ ಯಂತ್ರವನ್ನು ನೋಡಿದರು. "ನಿಮ್ಗೂ ಅದೇ ಬ್ಯಾಟರಿ ಕೊಟ್ಟಿದ್ರಾ?" ಎಂದು ಕೇಳಿದರು. ಅಪ್ಪ ಹೌದೆಂದು ತಲೆಯಾಡಿಸಿದರು. ಟೀಚರ್ ಅಪ್ಪನ ಕೈ ಹಿಡಿದುಕೊಂಡು ಹೇಳಿದರು, "ಹಾಗಿದ್ರೆ ಆ ಹುಡುಗಿಗೆ ಏನೂ ಗೊತ್ತಿರ್ಲಿಲ್ಲ ಬಿಡಿ. ಗೊತ್ತಿದ್ದೂ ಗೊತ್ತಿದ್ದೂ ಯಾರಾದ್ರೂ ಹೆತ್ತ ಅಪ್ಪನಿಗೆ ಕೊಡ್ತಾರಾ? ನನಗೆ ಅವಳ ಮೇಲೆ ಕೋಪ ಇಲ್ಲ, ಹೇಳಿ ಅವಳಿಗೆ."

ಅಪ್ಪ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಆ ಹೆಸರು ಹಾಕಿಸಿದ್ದು ನಾನು, ನೀನು ಬೇಡ ಅಂದಿದ್ದೆ ಎಂದು ಇಬ್ಬರೂ ಹೇಳಲಿಲ್ಲ ಅಕ್ಕ. ಅಪ್ಪ ಗ್ರಂಥಾಲಯದ ಮಾತು ಎತ್ತುತ್ತಿಲ್ಲ, ಊಟಕ್ಕೆ ಕರೆದರೆ ಎರಡು ಸಲ ಕರೆಯಬೇಕು.

ಏನು ಮಾಡಲಿ ಎಂದು ಕೇಳಿದ್ದೆಯಲ್ಲ, ಇವತ್ತು ಬೆಳಿಗ್ಗೆ ಹೇಳಿದರು. ಅವರ ಮಾತನ್ನೇ ಬರೆಯುತ್ತಿದ್ದೇನೆ: "ಆಯಮ್ಮನ ಕ್ಷಮೆ ನಿಮ್ಮಕ್ಕನಿಗೆ ಸೇರಿದ್ದಲ್ಲ. ಬಂದು ವಾಪಸ್ಸು ಕೊಟ್ಟು ಹೋಗ್ಲಿ."

ವರದಿಗೆ ನೀನು ಸಹಿ ಹಾಕುವುದು ಒಂದನೇ ತಾರೀಖು. ಅದಕ್ಕೆ ಮುಂಚೆ ಬಾ. ಮೂರನೇ ಮಹಡಿ, ಹೆಂಗಸರ ವಾರ್ಡು, ಕಿಟಕಿ ಪಕ್ಕದ ಕೊನೇ ಮಂಚ. ನಾಲ್ಕರಿಂದ ಆರರವರೆಗೆ ಒಳಗೆ ಬಿಡುತ್ತಾರೆ.

ನಿನ್ನ ತಮ್ಮ